ಕುಂತವರ ಎತ್ತರ

ಗೋಕಾಕದಿಂದ ಗಾಜಿನ ಮೀನಿನ ತೊಟ್ಟಿ ತಂದಾಗ, ಅದಕ್ಕೊಂದು ಸ್ಟ್ಯಾಂಡನ್ನು ನಮ್ಮ ಹಳೆಯ ಚಕ್ಕಡಿ ಗಾಡಿಯ ಜಾಲಿ ಕಟ್ಟಿಗೆಯಲ್ಲಿ ನಾನೇ ಮಾಡಿದೆ. ನಿಂತು ನೋಡುವವರಿಗೆಂದು ಎದೆಮಟ್ಟ ಎತ್ತರ ಇಟ್ಟಿದ್ದೆ. ಎಲ್ಲರಿಗೂ ಬಡಿಸಿ, ಕೊನೆಗೆ ಗೋಡೆಗೆ ಒರಗಿ ನೆಲದ ಮೇಲೆ ಉಣ್ಣಲು ಕೂತ ಅವ್ವ ಅಂದಳು: "ಇಲ್ಲಿಂದ ಬರೇ ಕಟ್ಟಿಗಿ ಕಾಣತೈತಿ. ಮೀನು ನಿಂತವರಿಗಷ್ಟ ಏನೋ?"

ಎಷ್ಟು ನುಣ್ಣಗೆ ಉಜ್ಜಿದ್ದ ಸ್ಟ್ಯಾಂಡಿನ ಕಾಲುಗಳು! ಗೊಣಗುತ್ತಲೇ ನಾಲ್ಕನ್ನೂ ಕೊಯ್ದು ಗಿಡ್ಡ ಮಾಡಿದೆ. ಅಂದಿನಿಂದ ಅವ್ವ ಮೀನು ನೋಡುತ್ತ ರೊಟ್ಟಿ ಮುರಿಯುತ್ತಿದ್ದಳು.

ಈಗ ಅವ್ವ ಇಲ್ಲ, ಮನೆಗೆ ಡೈನಿಂಗ್ ಟೇಬಲ್ ಬಂದಿದೆ. ಸ್ಟ್ಯಾಂಡ್ ಎತ್ತರಿಸು ಎಂದು ಎಲ್ಲರೂ ಹೇಳುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಮ್ಮೊಮ್ಮೆ ತಾಟು ಹಿಡಿದು ಅದೇ ಗೋಡೆಗೆ ಒರಗಿ ಕೂರುತ್ತೇನೆ. ಮೀನುಗಳು ಇನ್ನೂ ಅವ್ವನ ಕಣ್ಣಿನ ಮಟ್ಟದಲ್ಲೇ ಈಜುತ್ತಿವೆ.