ಸವಾರರನ್ನು ಸೋಸುವ ಜರಡಿಯಕ್ಕ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೈದಾನದ ಗೇಟಿನ ಪಕ್ಕ ಒಂದು ಮಡಚುವ ಮೇಜು, ಅದರ ಮೇಲೆ ನಾಲ್ಕು ಬಣ್ಣದ ಹಾಳೆಗಳ ಕಟ್ಟು. ಮೇಜಿನ ಹಿಂದೆ ಕುಳಿತ ಐವತ್ತೆಂಟರ ಹೆಂಗಸು ಎದುರಿಗಿರುವ ದಪ್ಪ ಮೀಸೆಯ ಸವಾರನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಹೊಸಬರಲ್ಲಿ ಹಾಕಿ ಅಕ್ಕಾ. ಹೋದ ತಿಂಗಳಷ್ಟೇ ಕಲಿಯೋಕೆ ಶುರು ಮಾಡಿದ್ದು."

"ಆಯ್ತಪ್ಪ. ಒಂದ್ಸಲ ಕುದುರೆ ಹತ್ತಿ ಇಳಿ, ನೋಡೋಣ."

ಮೀಸೆಯವನು ಮೈಮರೆತು, ಜೀನಿನಿಂದ ಇಳಿಬಿದ್ದ ರಿಕಾಪಿಗೆ ಕಾಲು ಕೊಟ್ಟು ಒಂದೇ ಉಸಿರಿಗೆ ಮೇಲೆ ಕೂತುಬಿಡುತ್ತಾನೆ.

"ರಿಕಾಪಿನ ಕಡೆ ಕಣ್ಣೂ ಹಾಯಿಸ್ದೆ ಕಾಲಿಟ್ಯಲ್ಲ, ನೀನ್ಯಾವ ಹೊಸಬ? ಹೋಗು, ಪಳಗಿದವರ ಸಾಲಲ್ಲಿ ನಿಂತ್ಕೋ."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ಮೀಸೆಯವನೂ ತಲೆ ಕೆರೆದುಕೊಂಡು ನಗುತ್ತಾನೆ.

ವಾರವಿಡೀ ಮೇವಿನ ಅಂಗಡಿಯಲ್ಲಿ ಕುದುರೆಗಳಿಗೆ ಧಾನ್ಯ ಜರಡಿ ಹಿಡಿಯುವ ಈ ಕೈ ಸ್ಪರ್ಧೆಯ ದಿನ ಸವಾರರನ್ನು ಜರಡಿ ಹಿಡಿಯುತ್ತದೆ. ಅದಕ್ಕೇ ಎಲ್ಲರ ಬಾಯಲ್ಲೂ ಇವರು ಜರಡಿಯಕ್ಕ. ಇಪ್ಪತ್ತೆರಡು ವರ್ಷಗಳಿಂದ, ವರ್ಷಕ್ಕೆ ಎಂಟು ಸ್ಪರ್ಧೆ. ಇವತ್ತು ಎಪ್ಪತ್ತನಾಲ್ಕು ಮಂದಿ ಸವಾರರು. ದೊಡ್ಡವರೊಬ್ಬರು ಹಗ್ಗ ಹಿಡಿದು ನಡೆಸುವ ಪುಟಾಣಿಗಳು, ಹೊಸಬರು, ನಡುವಿನವರು, ಪಳಗಿದವರು ಎಂದು ನಾಲ್ಕು ವಿಭಾಗ. ಹೊಸಬರಲ್ಲಿ ಮೂರು ಸಲ ಮೊದಲ ಸ್ಥಾನ ಬಂದರೆ, ಅದು ಯಾವ ಮೈದಾನದಲ್ಲೇ ಆಗಿರಲಿ, ಮೇಲಿನ ವಿಭಾಗಕ್ಕೆ ಹೋಗಲೇಬೇಕು. ಬಹುಮಾನದ ಕಪ್ಪಿನ ಮೇಲೆ ಕಣ್ಣಿಟ್ಟವರು ತಾವು ಹೊಸಬರೆಂದು ಆಣೆ ಹಾಕುತ್ತಾರೆ. ನಿನ್ನೆ ಮೊನ್ನೆ ಜೀನು ಏರಿದ ಮಗನನ್ನು ಪಳಗಿದವರ ಜೊತೆ ಬಿಡಿ ಎಂದು ಅಪ್ಪಂದಿರು ಜಗಳಕ್ಕೆ ನಿಲ್ಲುತ್ತಾರೆ. ಇಬ್ಬರ ಬೇಳೆಯೂ ಇಲ್ಲಿ ಬೇಯುವುದಿಲ್ಲ.

ಈ ಹಟ ಎಲ್ಲಿಂದ ಬಂತೆಂದು ಕೇಳಿದರೆ ತಮ್ಮ ಹದಿನೇಳನೇ ವಯಸ್ಸಿನ ಕಥೆ ಹೇಳುತ್ತಾರೆ. ಆಗ ಲಾಯದಲ್ಲಿ ಲದ್ದಿ ಬಾಚುವ ಕೆಲಸ. "ಆಗೆಲ್ಲ ಎಲ್ಲರಿಗೂ ಒಂದೇ ಸ್ಪರ್ಧೆ. ಚಿಕ್ಕಂದಿನಿಂದ ಸವಾರಿ ಮಾಡಿದ ಯಜಮಾನರ ಮಕ್ಕಳ ಜೊತೆ ನಾನೂ ಓಡಿಸ್ದೆ. ಕೊನೆಗೆ ಬಂದೆ. ಜನ ನಕ್ಕಿದ್ದು ಇನ್ನೂ ಕಿವೀಲಿದೆ."

ಹಾಗೆಂದು ಇವರು ತಪ್ಪೇ ಮಾಡಿಲ್ಲವೆಂದಲ್ಲ. ಮೊದಲ ವರ್ಷ ಒಬ್ಬರು ನರ್ಸಮ್ಮ ಬಾಡಿಗೆ ಕುದುರೆಯಲ್ಲಿ ಬಂದರು. ಕುದುರೆಯ ಹೆಸರಿನಲ್ಲಿ ಹನ್ನೊಂದು ಗೆಲುವು ಇತ್ತು. ಜರಡಿಯಕ್ಕ ಅದನ್ನು ನರ್ಸಮ್ಮನ ಲೆಕ್ಕಕ್ಕೆ ಬರೆದುಕೊಂಡು ಪಳಗಿದವರ ಸಾಲಿಗೆ ಕಳಿಸಿಬಿಟ್ಟರು. "ಎರಡನೇ ಅಡ್ಡಗಂಬದಲ್ಲಿ ಕುದುರೆ ಆಚೆ ಹಾರ್ತು, ನರ್ಸಮ್ಮ ಈಚೆ ಉಳಿದ್ರು. ಪೆಟ್ಟಾಗ್ಲಿಲ್ಲ. ಆದ್ರೆ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ಅವರ ಖುಷೀನ ನಾನೇ ಕಿತ್ಕೊಂಡೆ," ಎನ್ನುವಾಗ ಅವರ ದನಿ ತಗ್ಗುತ್ತದೆ.

ಸಾಲಿನ ಕೊನೆಗೆ ಬಂದವಳು ಅವರ ತಂಗಿಯ ಮಗಳು. ತಾಯಿ ತೀರಿಕೊಂಡ ಮೇಲೆ ಇವರ ಮನೆಯಲ್ಲೇ ಬೆಳೆದ ಹತ್ತೊಂಬತ್ತರ ಹುಡುಗಿ. ಇದು ವರ್ಷದ ಕೊನೆಯ ಸ್ಪರ್ಧೆ. ಇವತ್ತು ಗೆದ್ದರೆ ಹೊಸಬರ ವಾರ್ಷಿಕ ಕಪ್ಪು ಅವಳದೇ. ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಎರಡೇ ಗೆಲುವು. ಮೂರನೆಯದು ಹೋದ ತಿಂಗಳು ಬೇರೆ ಮೈದಾನದಲ್ಲಿ ಬಂದದ್ದು.

"ಅಲ್ಲಿನ ಫಲಿತಾಂಶದ ಕಾಗದ ಇನ್ನೂ ಬಂದಿಲ್ವಲ್ಲ ದೊಡ್ಡಮ್ಮಾ," ಎಂದು ಹುಡುಗಿ ಮೆಲ್ಲಗೆ ಹೇಳುತ್ತಾಳೆ.

"ಕಾಗದ ಬಂದಿಲ್ಲ ಕಣೇ. ನಾನು ಬಂದಿದ್ನಲ್ಲ. ಕೈ ಕೆಂಪಾಗೋ ಹಾಗೆ ಚಪ್ಪಾಳೆ ತಟ್ಟಿದ್ನಲ್ಲ."

"ಅಲ್ಲಿ ಇದ್ದಿದ್ದೇ ನಾಲ್ಕು ಜನ. ಅದೂ ಒಂದು ಗೆಲುವಾ? ಪ್ಲೀಸ್ ದೊಡ್ಡಮ್ಮಾ."

ದೊಡ್ಡಮ್ಮನ ಪೆನ್ನು ಒಂದು ಗಳಿಗೆ ತಡೆಯುತ್ತದೆ. ಆಮೇಲೆ ಅವಳ ಹೆಸರನ್ನು ನಡುವಿನವರ ಹಾಳೆಯಲ್ಲಿ ಬರೆಯುತ್ತದೆ. ಹುಡುಗಿ ಮುಖ ಊದಿಸಿಕೊಂಡು, ತಿರುಗಿಯೂ ನೋಡದೆ ಹೋಗುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬರುತ್ತದೆ. ನಡುವಿನವರಲ್ಲಿ ಅವಳಿಗೆ ಒಂಬತ್ತರಲ್ಲಿ ಏಳನೆಯ ಸ್ಥಾನ. ಹೊಸಬರ ಕಪ್ಪು ಹೋದದ್ದು ನಲವತ್ತಾರರ ಬಸ್ ಡ್ರೈವರಮ್ಮನಿಗೆ. ಕುದುರೆಯ ಕುತ್ತಿಗೆ ತಬ್ಬಿಕೊಂಡು ಆಕೆ ಬಿಕ್ಕಿ ಬಿಕ್ಕಿ ಅಳುವುದನ್ನು ಹುಡುಗಿ ಬೇಲಿಗೊರಗಿ ಬಹಳ ಹೊತ್ತು ನೋಡುತ್ತಾಳೆ.

"ಸಂಕಟ ಆಯ್ತು, ಸುಳ್ಳು ಯಾಕೆ ಹೇಳ್ಲಿ? ಎತ್ತಿ ಆಡಿಸಿದ ಮಗು ಅದು," ಎನ್ನುತ್ತಾರೆ ಜರಡಿಯಕ್ಕ. "ಆದ್ರೆ ಆಯಮ್ಮನ ಅಳು ನೋಡಿದ್ರಾ? ಇವಳನ್ನ ಅಲ್ಲಿ ಬಿಟ್ಟಿದ್ರೆ ಆ ಅಳು ಇರ್ತಿರ್ಲಿಲ್ಲ."

ಅಷ್ಟರಲ್ಲಿ ಹುಡುಗಿ ಮೇಜಿನ ಹತ್ತಿರ ಬರುತ್ತಾಳೆ. ಮುಂದಿನ ವರ್ಷದ ಅರ್ಜಿಯೊಂದನ್ನು ಎಳೆದುಕೊಂಡು, ದೊಡ್ಡಮ್ಮನ ಕೈಯಿಂದಲೇ ಪೆನ್ನು ಕಿತ್ತುಕೊಂಡು ನಿಂತಲ್ಲೇ ತುಂಬುತ್ತಾಳೆ. ವಿಭಾಗ: ನಡುವಿನವರು. ಹಿಂದಿನ ಗೆಲುವು ಎಂಬಲ್ಲಿ 'ಮೂರು' ಎಂದು ಅಕ್ಷರದಲ್ಲಿ ಬರೆದು, ಅರ್ಜಿಯನ್ನು ದೊಡ್ಡಮ್ಮನ ಮುಂದೆ ತಳ್ಳಿ ಕುದುರೆಗೆ ನೀರು ಕುಡಿಸಲು ಹೋಗುತ್ತಾಳೆ.

ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಅರ್ಜಿಯನ್ನೂ ಎರಡು ಸಲ ಓದದೆ ಬಿಟ್ಟವರಲ್ಲ ಜರಡಿಯಕ್ಕ. ಇದನ್ನು ಮಾತ್ರ ಹಾಗೇ ಕಟ್ಟಿನೊಳಗೆ ಸೇರಿಸುತ್ತಾರೆ.

"ಇದನ್ನ ಸೋಸೋದು ಬೇಡ ಬಿಡಿ," ಎನ್ನುತ್ತಾರೆ.