ಗರಿ ಕಟ್ಟಿದ ದಾರಿ

ಸೆರಾಮ್ ದ್ವೀಪದ ನಮ್ಮೂರಲ್ಲಿ ಒತ್ನಿಯೆಲ್‌ನಷ್ಟು ಮರ ಹತ್ತಿದವನು ಇನ್ನೊಬ್ಬನಿರಲಿಲ್ಲ. ಹರೆಯದಲ್ಲಿ ಗುಲಾಬಿ ಜುಟ್ಟಿನ ಕಾಕಟೂ ಗಿಳಿಗಳಿಗೆ ಉರುಳು ಒಡ್ಡುತ್ತಿದ್ದ. ಒಂದು ಹಕ್ಕಿ ಅವನ ತೋರುಬೆರಳಿನ ತುದಿಯನ್ನೇ ಕಚ್ಚಿ ತೆಗೆದಿತ್ತು. ಆಮೇಲೆ ಕಾಲ ತಿರುಗಿತು. ಹಕ್ಕಿ ಹಿಡಿದರೆ ಜೈಲು, ಪ್ರವಾಸಿಗರಿಗೆ ತೋರಿಸಿದರೆ ಮರ್ಯಾದೆ ಎಂದಾಯಿತು. ಹೆಂಡತಿ ತೀರಿಕೊಂಡ ವರ್ಷ ಕಾಡಿನ ಅತಿ ಎತ್ತರದ ಮರದಲ್ಲಿ ಹಲಗೆಯ ಅಟ್ಟ ಕಟ್ಟಿದ. ಮೊದಲು ತಾನು ಹತ್ತುವುದು, ಆಮೇಲೆ ಅತಿಥಿಯನ್ನು ಹಗ್ಗದಲ್ಲಿ ಕೂರಿಸಿ ಕೆಳಗಿನವರು ಎಳೆಯುವುದು. ಆ ಮೊಂಡು ಬೆರಳಿನಿಂದಲೇ ಹಕ್ಕಿ ತೋರಿಸುತ್ತಿದ್ದ ಪುಣ್ಯಾತ್ಮ.

ಅವನ ಅಕ್ಕ ಸಾರ್ಲೋಟಾ ನಮ್ಮ ಕಾಡಿನ ಯಜಮಾನಿ. ಕಾಯಿ ಬಲಿಯಲೆಂದೋ, ಬೇರೆ ಕಾರಣಕ್ಕೋ ಕಾಡು ಮುಚ್ಚಬೇಕೆಂದರೆ ದಾರಿಗೆ ಅಡ್ಡಲಾಗಿ ಎಳೆ ತೆಂಗಿನ ಗರಿ ಕಟ್ಟುತ್ತಾಳೆ. ಕಟ್ಟಿದ ಮೇಲೆ ದಾಟುವಂತಿಲ್ಲ. ಯಾಕೆಂದು ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ. ಹೇಳಿದರೆ ಗರಿಯ ಬಲ ಹೋಗುತ್ತದಂತೆ. ಹಿರಿಯರ ಮಾತು, ಎದುರಾಡುವವರು ಯಾರು!

ಒಂದು ವರ್ಷ ಈಸ್ಟರ್ ದಿನ ಚರ್ಚಿನ ಅಂಗಳದಲ್ಲಿ ಅಕ್ಕ ಎಲ್ಲರೆದುರು ಚುಚ್ಚಿದ್ದಳು: "ಹಕ್ಕಿಗೆ ಉರುಳು ಹಾಕಿದೋನು ಈಗ ಹಕ್ಕಿ ಭಕ್ತ ನೋಡ್ರಪ್ಪಾ!" ಅವತ್ತಿನಿಂದ ಇಬ್ಬರ ನಡುವೆ ಮಾತಿರಲಿಲ್ಲ.

ಆಗಸ್ಟಿನಲ್ಲಿ ಹಾಲ್ವರ್ ಎಂಬ ನಾರ್ವೆಯ ಮುದುಕ ಹಕ್ಕಿ ನೋಡುವ ರಜೆಗೆಂದು ಬಂದ. ಬಂದ ಮೂರು ದಿನವೂ ಗಾಳಿ, ಮಳೆ. ಹೊರಡುವ ದಿನ ಬೆಳಿಗ್ಗೆ ಬಿಸಿಲು ಬಿತ್ತು. ಕಾಡಿನ ಬಾಯಿಗೆ ಹೋದರೆ, ದಾರಿಗೆ ಅಡ್ಡ ಹೊಸ ಗರಿ ನೇತಾಡುತ್ತಿತ್ತು.

"ಅಣ್ಣಾ, ಗರಿ ಕಟ್ಟವ್ರೆ. ವಾಪಸ್ ಹೋಗೋಣ," ಅಂದ ಹಗ್ಗ ಎಳೆಯುವ ಯೋಪಿ.

"ಕಾಯಿ ಕೀಳೋರಿಗೆ ಕಟ್ಟಿರೋದು ಅದು. ನಾವೇನು ಕೀಳ್ತೀವಾ? ನೋಡೋಕ್ ಹೋಗ್ತಿರೋದು," ಅಂದ ಒತ್ನಿಯೆಲ್.

"ಅಕ್ಕನ್ನ ಒಂದ್ಮಾತು ಕೇಳ್ಬಾರ್ದಾ?"

"ಕೇಳ್ಬಾರ್ದು ಅಂತ ಗೊತ್ತಿಲ್ವೇನೋ ನಿಂಗೆ? ನನ್ ಮೇಲಿನ ಹೊಟ್ಟೆಯುರಿಗೆ ಕಟ್ಟವ್ಳೆ ಬಿಡು."

ಬಗ್ಗಿ ಗರಿಯ ಕೆಳಗೆ ನುಸುಳಿದ. ಹಾಲ್ವರ್ ನಗುತ್ತಾ ಹಿಂಬಾಲಿಸಿದ. ಹಗ್ಗ ಎಳೆಯುವವರೂ ನುಸುಳಿದರು.

ಒತ್ನಿಯೆಲ್ ಅಟ್ಟ ಹತ್ತಿ ಕೂತ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಇಪ್ಪತ್ತು ಕಾಕಟೂಗಳು ಕೊಂಬೆ ತುಂಬಾ ಕೂತು ಕಿವಿ ಕಿತ್ತುಹೋಗುವಂತೆ ಕಿರುಚಬೇಕು. ಇವತ್ತು ಒಂದೂ ಇಲ್ಲ. ಆಚೆ ಮರದಲ್ಲಿ ಕೂತಿದ್ದವು, ಇತ್ತ ಸುಳಿಯಲೇ ಇಲ್ಲ. ಬೀಳುವ ಮರದಲ್ಲಿ ಹಕ್ಕಿ ಕೂರುವುದಿಲ್ಲ. ಉರುಳು ಒಡ್ಡುತ್ತಿದ್ದ ಕಾಲದಲ್ಲಿ ಕಲಿತ ಪಾಠ ಅದು. ಕಾಂಡಕ್ಕೆ ಕಿವಿಯಿಟ್ಟ. ಒಳಗೆ ಒಲೆಯಲ್ಲಿ ಹಸಿ ಕಟ್ಟಿಗೆ ಸಿಡಿದಂಥ ಸದ್ದು.

ಹಗ್ಗದಲ್ಲಿ ಮುದುಕ ಅರ್ಧ ದಾರಿ ಬಂದಿದ್ದ.

"ಇಳಿಸ್ರೋ! ಮುದುಕನ್ನ ಇಳಿಸ್ರೋ! ಓಡ್ರೋ ದೂರ!"

ಅವರು ಇಳಿಸಿದರು, ಎಳೆದುಕೊಂಡು ಓಡಿದರು. ಒತ್ನಿಯೆಲ್ ತನ್ನ ಹಗ್ಗಕ್ಕೆ ಕೈ ಹಾಕಿದ. ಅಷ್ಟರಲ್ಲಿ ಗರಿಯಾಚೆ ಹೆಜ್ಜೆ ಗುರುತು ಕಂಡು ಸಾರ್ಲೋಟಾ ಏದುಸಿರು ಬಿಡುತ್ತಾ ಬಂದಳು.

"ಒತ್ನೀ! ಹಿಂದ್ಗಡೆ ಸೀಳಿದೆ ಕಣೋ ಮರ! ಗಾಳಿಗೆ ಸೀಳಿದೆ! ಅದಕ್ಕೇ ಕಣೋ ಕಟ್ಟಿದ್ದು!"

ನಾಲ್ಕು ತಿಂಗಳ ಮೇಲೆ ಅವಳಾಡಿದ ಮೊದಲ ಮಾತು.

"ದೂರ ಹೋಗೇ ಅಕ್ಕಾ!" ಎಂದ ಅವನು. ಇನ್ನೂ ಏನೋ ಹೇಳುವುದಿತ್ತೇನೋ, ಮರ ಕಾಯಲಿಲ್ಲ.

ಈಗ ಗರಿ ಕಟ್ಟಿದ ದಿನ ಸಾರ್ಲೋಟಾ ಮನೆಮನೆಗೂ ಹೋಗಿ ಕಾರಣ ಕೂಗಿ ಹೇಳುತ್ತಾಳೆ. ಹಿರಿಯರು ಗೊಣಗಿದರೆ, "ಬಲ ಹೋದ್ರೆ ಹೋಗ್ಲಿ," ಅನ್ನುತ್ತಾಳೆ. ಕೊನೆಗೆ ತಮ್ಮನ ಮನೆಯ ಮುಂದೆ ನಿಲ್ಲುತ್ತಾಳೆ. ಬೀಗ ಹಾಕಿದ ಬಾಗಿಲನ್ನು ತಟ್ಟಿ, ಅಲ್ಲೂ ಕಾರಣ ಹೇಳಿ ಬರುತ್ತಾಳೆ.