ಕಿಸೆಯಾಗ ಹಿಡಿಯೋ ಕ್ಯಾಮೆರಾ

ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ, ಕೈಯಲ್ಲಿ ಒಳ್ಳೆಯ ಮೊಬೈಲೊಂದು ಇರುವಾಗಲೇ, ನಾನೊಂದು ಸಣ್ಣ ಕ್ಯಾಮೆರಾ ಕೊಂಡೆ. ಮನೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅಂಗಿ ಒಗೆಯಲು ಹಾಕುವ ಮುಂಚೆ ಕಿಸೆ ತಡವಿ ನೋಡುವ ರೂಢಿ ನನ್ನ ಹೆಂಡತಿ ಕಸ್ತೂರಿಗೆ ಇರುವುದರಿಂದ ಎರಡನೇ ದಿನವೇ ಸಿಕ್ಕಿಬಿದ್ದೆ.

"ಫೋನಿನಾಗ ಕ್ಯಾಮೆರಾ ಇಲ್ಲೇನ್ರಿ?" ಎಂದಳು.

"ಐತಿ."

"ಮತ್ತ ಇದ್ಯಾಕ?"

"ಇದರಾಗ ಫೋನ್ ಇಲ್ಲ" ಎಂದೆ.

ಜಾಣತನಕ್ಕೆ ಹೇಳಿದ ಮಾತಲ್ಲ, ಖರೆ ಸಂಗತಿ. ಹೋದ ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋಗಿದ್ದೆ. ದೂರದ ದೇಶದಿಂದ ಬಂದ ಪಟ್ಟೆತಲೆಯ ಬಾತುಗಳು ಬೆಳಗಿನ ನೀರಿನ ಮೇಲೆ ಸಾಲಾಗಿ ಕೂತಿದ್ದವು. ಮೊಬೈಲ್ ಎತ್ತಿ ಹಿಡಿದೆ, ಉಸಿರು ಬಿಗಿಹಿಡಿದೆ, ಇನ್ನೇನು ಒತ್ತಬೇಕು, ನಮ್ಮ ಹೆಡ್‌ಮಾಸ್ತರರ ಫೋನು ಬಂತು. ಮಕ್ಕಳಿಗೆ ಬಾಳೆಹಣ್ಣು ತರಿಸಬೇಕೋ ಮೊಟ್ಟೆ ತರಿಸಬೇಕೋ ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಟ್ಟು ತಲೆ ಎತ್ತುವಷ್ಟರಲ್ಲಿ ಬಾತುಗಳೆಲ್ಲ ಹೊಲಗಳ ಕಡೆ ಹಾರಿಹೋಗಿದ್ದವು. ಮೊಬೈಲಿನಲ್ಲಿ ಉಳಿದದ್ದು ಬರೀ ಕೆರೆ, ಅದರ ಮೂಲೆಯಲ್ಲಿ ನನ್ನ ಹೆಬ್ಬೆರಳು.

ಹೀಗಾಗಿ ಗದಗಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ದಾವಲಸಾಬರಲ್ಲಿಗೆ ಹೋದೆ. ನಮ್ಮ ಮದುವೆಯ ಫೋಟೋ ತೆಗೆದವರು ಅವರೇ. ಈಗ ಪಾಸ್‌ಪೋರ್ಟ್ ಅಳತೆಯ ಫೋಟೋ, ಝೆರಾಕ್ಸು, ಫೋಟೋಗೆ ಕಟ್ಟು ಹಾಕಿಕೊಡುವುದು ಎಂದು ದಿನ ದೂಡುತ್ತಾರೆ. ಜೊತೆಗೆ ಒಂದು ಗಾಜಿನ ಕಪಾಟಿನಲ್ಲಿ ನಾಲ್ಕಾರು ಕ್ಯಾಮೆರಾ.

ನಾನು ಪೇಪರಿನಲ್ಲಿ ಓದಿಕೊಂಡು ತಯಾರಾಗಿ ಹೋಗಿದ್ದೆ. ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದೆ. ದಾವಲಸಾಬರು ನನ್ನ ಮುಖ ನೋಡಿ, "ಮಾಸ್ತರ್ರ, ನೀವು ಬೆಟಗೇರಿ ನೇಕಾರ್ರ ಮನ್ಯಾವ್ರು. ಸೀರಿ ತಗೊಳ್ಳಾಕ ಹೋದ್ರ ಎಷ್ಟ ಎಳಿ ಅದಾವಂತ ಎಣಿಸ್ತೀರೇನು? ಮುಟ್ಟಿ ನೋಡ್ತೀರಿ" ಎಂದರು. ಝೂಮ್ ಕೇಳಿದೆ. ಅದರಲ್ಲಿ ಎರಡು ಜಾತಿ ಇವೆಯಂತೆ. ಒಂದರಲ್ಲಿ ಗಾಜೇ ಹೊರಗೆ ಬಂದು ದೂರದ್ದನ್ನು ಹತ್ತಿರ ತರುತ್ತದೆ. ಇನ್ನೊಂದರಲ್ಲಿ ಕ್ಯಾಮೆರಾ ಕೂತಲ್ಲೇ ಕೂತು ಚಿತ್ರವನ್ನು ಎಳೆದು ದೊಡ್ಡದು ಮಾಡಿ, ಹತ್ತಿರ ತಂದೆ ಎಂದು ಸುಳ್ಳು ಹೇಳುತ್ತದೆ. ಮೊದಲ ಜಾತಿಯೇ ಸಾಕು ಎಂದೆ; ಆ ಜಾತಿಯಲ್ಲಿ ಅವರ ಹತ್ತಿರ ಎರಡು ಕ್ಯಾಮೆರಾ ಇದ್ದವು. ಕೊನೆಗೆ ಅವರೊಂದು ಪರೀಕ್ಷೆ ಮಾಡಿಸಿದರು. ಒಂದೊಂದನ್ನೇ ನನ್ನ ಅಂಗಿಯ ಮೇಲ್ಕಿಸೆಗೆ ಹಾಕಿ, "ಬಗ್ಗಿ ಚಪ್ಪಲಿ ಸರಿ ಮಾಡ್ಕೋರಿ" ಎಂದರು. ಬಗ್ಗಿದೆ. ಮೊದಲನೆಯದು ಜಾರಿ ಅವರ ಕೈಗೇ ಬಿತ್ತು, ಎರಡನೆಯದು ಕಿಸೆಯಲ್ಲೇ ಉಳಿಯಿತು. "ಇದ ನಿಮ್ಮದು" ಎಂದರು. ಮೆಗಾಪಿಕ್ಸೆಲ್ಲಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮೊದಲ ಒಂದು ತಿಂಗಳು ಸಿಕ್ಕದ್ದನ್ನೆಲ್ಲ ಹೊಡೆದೆ. ಲಕ್ಷ್ಮೇಶ್ವರದ ಗುಡಿಯ ಕಲ್ಲಿನ ಬಳ್ಳಿ, ಕುರ್ತಕೋಟಿಯ ಎರೆಹೊಲದಲ್ಲಿ ಬಾಯಿಬಿಟ್ಟ ಬಿರುಕು, ಮುಂಡರಗಿ ಬಸ್ಸಿನ ಕಿಟಕಿಯಲ್ಲಿ ತೂಕಡಿಸುವ ಒಬ್ಬ ಅಜ್ಜ. ಒಂದು ಸಂಗತಿ ನನ್ನಲ್ಲಿ ಬಹಳ ಕುತೂಹಲ ಹುಟ್ಟಿಸಿತು. ಮೊಬೈಲ್ ಎತ್ತಿದರೆ ಜನ ತಿರುಗಿಯೂ ನೋಡುವುದಿಲ್ಲ. ಅದೇ ಈ ಅಂಗೈ ಅಗಲದ ಡಬ್ಬಿ ಎತ್ತಿದರೆ ಸಾಕು, ಅಜ್ಜಂದಿರು ಟೋಪಿ ನೆಟ್ಟಗೆ ಮಾಡಿಕೊಳ್ಳುತ್ತಾರೆ, ಹೆಣ್ಣುಮಕ್ಕಳು ಸೆರಗು ಎಳೆದುಕೊಳ್ಳುತ್ತಾರೆ. ಹಿರೇವಡ್ಡಟ್ಟಿಯಲ್ಲಿ ಕಸ್ತೂರಿಯ ತವರಿನವರು ತಮ್ಮ ಎಮ್ಮೆಯ ಮೈ ತೊಳೆಯುವವರೆಗೆ ನನ್ನನ್ನು ಕಾಯಿಸಿದರು. ಅಷ್ಟು ಕಾದು ತೆಗೆದ ಫೋಟೋದಲ್ಲಿ ಎಮ್ಮೆ ಪೂರ್ತಿ ಇದೆ, ಮಾವನವರ ತಲೆ ಮಾತ್ರ ಇಲ್ಲ.

ಬೆಟಗೇರಿಯಲ್ಲಿರುವ ನಮ್ಮ ಅಕ್ಕ ನೀಲವ್ವನ ಫೋಟೋ ತೆಗೆದದ್ದು ಅದೇ ಹುಮ್ಮಸ್ಸಿನಲ್ಲಿ. ಅಕ್ಕನಿಗೆ ಅರವತ್ತೈದು ದಾಟಿದೆ. ನಾವು ತಮ್ಮಂದಿರು ಓದಿ ನೌಕರಿ ಹಿಡಿದೆವು. ಅಪ್ಪನ ಕುಣಿಮಗ್ಗ ಹಿಡಿದವಳು ಅವಳೊಬ್ಬಳೇ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಈಗಲೂ ಸೀರೆ ನೇಯುತ್ತಾಳೆ. ದಡಿಯ ಕೆಲಸ, ಅಂದರೆ ಸೀರೆಯ ಅಂಚಿನಲ್ಲಿ ಚಿತ್ತಾರ ಎತ್ತುವುದು, ಅವಳಂತೆ ಮಾಡುವವರು ಓಣಿಯಲ್ಲಿ ಇಲ್ಲ. ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿ ಚಹಾ ಕುಡಿದು ಮನೆಗೆ ಹೋಗುವುದು ನನ್ನ ಎಷ್ಟೋ ವರ್ಷದ ಪದ್ಧತಿ.

"ತಡೀಲೇ ಶಂಕ್ರ" ಎಂದು ಅಕ್ಕ ಹಣೆಯ ಬೆವರು ಒರೆಸಿಕೊಂಡಳು. ಮಗ್ಗದ ಕೋಣೆಯಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹಾಕಿ ಐದು ಫೋಟೋ ಹೊಡೆದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿದೆ. ಅಕ್ಕನ ಎಡಗಣ್ಣು ಕುಂಕುಮ ಹಾಕಿದಂತೆ ಕೆಂಪಗೆ ಬಿದ್ದಿತ್ತು. ಬಲಗಣ್ಣು ಬೂದಿಯ ಬಣ್ಣ. ಐದರಲ್ಲೂ ಹಾಗೇ. ನಮ್ಮ ಮನೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದಿದ್ದ ಕಸ್ತೂರಿಯ ಫೋಟೋ ನೋಡಿದೆ, ಎರಡೂ ಕಣ್ಣು ಕೆಂಪು. ಕ್ಯಾಮೆರಾದಲ್ಲಿ ದೋಷ ಇದೆ ಎಂದು ತೀರ್ಮಾನಿಸಿದೆ. ಅಂಗಡಿಯವರ ಜೊತೆ ಹೇಗೆ ಜಗಳ ಆಡಬೇಕೆಂದು ಮಾತನ್ನೆಲ್ಲ ಜೋಡಿಸಿಕೊಂಡು ಮರುದಿನ ದಾವಲಸಾಬರ ಮುಂದೆ ನಿಂತೆ.

ಅವರು ಸಿಟ್ಟಾಗಲಿಲ್ಲ. ಒಳಕೋಣೆಯ ದೀಪ ಆರಿಸಿ ನನ್ನ ಫೋಟೋ ತೆಗೆದರು. ನನ್ನ ಎರಡೂ ಕಣ್ಣು ಕೆಂಪು. ಆಮೇಲೆ ಅಕ್ಕನ ಐದೂ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಕ್ಯಾಮೆರಾ ಸುದ್ದ ಐತ್ರಿ ಮಾಸ್ತರ್ರ. ಬೆಳಕು ಕಣ್ಣಿನ ಒಳಗ ಹೋಗಿ, ಹಿಂದಿನ ರಗತ ಮುಟ್ಟಿ, ಕೆಂಪಾಗಿ ತಿರುಗಿ ಬರ್ತೈತಿ. ಸಣ್ಣ ಕ್ಯಾಮೆರಾದಾಗ ಫ್ಲ್ಯಾಶು ಗಾಜಿನ ಮಗ್ಗಲಕ್ಕ ಇರ್ತೈತಲ್ಲ, ಅದಕ್ಕ ಸಿಗ್ತೈತಿ. ಈ ಅಕ್ಕಾರ ಒಂದು ಕಣ್ಣಾಗ ಬೆಳಕು ಒಳಗ ಹೋಗವಲ್ದು. ನಾ ಡಾಕ್ಟರ್ ಅಲ್ಲ. ಆದ್ರ ನಿಮ್ಮ ಜಾಗಾದಾಗ ನಾ ಇದ್ರ ಇವತ್ತ ಕಣ್ಣಿನ ದವಾಖಾನಿಗೆ ಕರಕೊಂಡ ಹೋಗ್ತಿದ್ದೆ."

ನಾನು ವಿಜ್ಞಾನದ ಮಾಸ್ತರ ಎಂದು ನಿಮಗೆ ಇಷ್ಟು ಹೊತ್ತು ಹೇಳಿರಲಿಲ್ಲ. ಹೇಳಲು ನಾಚಿಕೆ. ಮೂವತ್ತು ವರ್ಷದಿಂದ ಹತ್ತನೇ ಇಯತ್ತೆಯ ಮಕ್ಕಳಿಗೆ ಕಣ್ಣಿನ ಚಿತ್ರ ಬರೆಸಿ, ಪಾಪೆ ಇಲ್ಲಿ, ಮಸೂರ ಇಲ್ಲಿ, ಅಕ್ಷಿಪಟಲ ಇಲ್ಲಿ ಎಂದು ಬಾಣ ಹಾಕಿಸಿದ್ದೇನೆ. ಬಾಣದ ಗೆರೆ ಡೊಂಕಾದರೆ ಅಂಕ ಕಡಿದಿದ್ದೇನೆ. ನನ್ನ ಅಕ್ಕನ ಕಣ್ಣು ಮಾತ್ರ ಆ ಪಾಠದಲ್ಲಿ ಬರಲೇ ಇಲ್ಲ.

ಅಲ್ಲಿಂದ ನೇರ ಬೆಟಗೇರಿಗೆ ಹೋದೆ. ಅಕ್ಕ ಕೇಳಿ ಕೆಂಡವಾದಳು. "ನನ್ನ ಕಣ್ಣು ನೆಟ್ಟಗ ಅದಾವ. ಬೇಕಾದ್ರ ನಿನ್ನ ಆ ಡಬ್ಬೀನ ದವಾಖಾನಿಗೆ ಒಯ್ಯಿ!" ಎಂದು ಮತ್ತೆ ನೇಯಲು ಲಾಳಿ ಒಗೆದಳು. ನಾನು ಸುಮ್ಮನೆ ಕೂತು ನೋಡಿದೆ. ಬಹುಶಃ ಮೊದಲ ಸಲ ನೋಡಿದೆ. ಅವಳು ತಲೆಯನ್ನು ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡುತ್ತಿದ್ದಳು. ಹರಿದ ಎಳೆಯನ್ನು ಕಣ್ಣಿನಿಂದ ಹುಡುಕದೆ ಬೆರಳಿನಿಂದ ತಡವಿ ಹಿಡಿಯುತ್ತಿದ್ದಳು. ಚಹಾದ ಕಪ್ಪು ನನ್ನ ಕೈಗೆ ಕೊಡುವಾಗ ಒಂದು ಕ್ಷಣ ಗಾಳಿಯಲ್ಲಿ ತಡೆದು ನಿಲ್ಲಿಸುತ್ತಿದ್ದಳು; ಅದನ್ನು ನಾನು ವಯಸ್ಸಿನ ನಿಧಾನ ಎಂದುಕೊಂಡಿದ್ದೆ.

ಮುಂದೆ ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಈಗಲೂ ಹೇಳಲಾರೆ. ಮಗ್ಗದ ಮೇಲಿದ್ದ ಸೀರೆಯ ದಡಿಗೆ ಕ್ಯಾಮೆರಾ ಹತ್ತಿರ ಹಿಡಿದು ಒಂದು ಫೋಟೋ ತೆಗೆದೆ, ದೊಡ್ಡದು ಮಾಡಿ ಅವಳ ಎಡಗಣ್ಣಿನ ಮುಂದೆ ಹಿಡಿದೆ. ಸಾಲಾಗಿ ಬರಬೇಕಾದ ಚಿತ್ತಾರದಲ್ಲಿ ಎರಡು ಕಡೆ ಎಳೆ ತಪ್ಪಿತ್ತು.

ಅಕ್ಕ ನೋಡಿದಳು. "ಯಾರು ನೇದದ್ದಿದು?" ಎಂದಳು.

"ನಿಂದ, ಅಕ್ಕಾ. ಈಗಿಂದ."

ಅವಳು ಬಟ್ಟೆಯ ಮೇಲೆ ಬೆರಳಾಡಿಸಿ ಆ ಜಾಗ ಹುಡುಕಿದಳು. ಸಿಕ್ಕಿತು. ಮಗ್ಗ ನಿಂತಿತು. ಸಣ್ಣವನಿದ್ದಾಗ ನನ್ನ ಕೈ ಹಿಡಿದು ಶಾಲೆಗೆ ಬಿಟ್ಟು ಬಂದವಳಿಗೆ ನಾನು ತಪ್ಪು ತೋರಿಸಿಕೊಟ್ಟಿದ್ದೆ.

"ಎರಡ ವರ್ಷಾತು" ಎಂದಳು ಕೊನೆಗೆ. "ಮೊದಲ ಮಂಜ ಕವದಂಗ ಇತ್ತು. ಈಗ ಬಲಗಣ್ಣಿಗೆ ಬರೇ ಬೆಳಕು. ನೂಲು ಕೊಡೋ ಮಾಲಕರಿಗೆ ಗೊತ್ತಾದ್ರ ನೀಲವ್ವನ ಕೆಲಸ ಮುಗೀತು ಅಂತ ಅಂದು ದಡಿ ಬ್ಯಾರೆಯವ್ರಿಗೆ ಕೊಡ್ತಾರ. ನಾ ಬರೇ ಬಟ್ಟಿ ನೇಯಬೇಕು. ಅದು ನನಗ ಆಗೂದಿಲ್ಲ."

"ನನಗರ ಹೇಳಬೇಕಿಲ್ಲೇನು?"

"ನೀ ಪ್ರತಿ ಸೋಮಾರ ಎದುರಿಗೆ ಕುಂತಿದ್ದೆಲ್ಲ" ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಇನ್ನೂ ನೆನಪಿದೆ. ಅವಳಿಗೆ ಇನ್ನೊಂದು ಹೆದರಿಕೆಯೂ ಇತ್ತು. ಆಪರೇಷನ್ನಿನಲ್ಲಿ ಏನಾದರೂ ಆಗಿ ಇದ್ದ ಬೆಳಕೂ ಹೋದರೆ? ನಾನು ವಿಜ್ಞಾನ ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. "ಪಾಠ ಬ್ಯಾಡ. ಜೋಡಿ ಬರ್ತೀಯೇನು ಹೇಳು."

"ಬರ್ತೀನಿ."

"ಹಂಗಾರ ಈ ಸೀರಿ ಇಳಿಸಿ ಬರ್ತೀನಿ. ತಪ್ಪಿದ್ದನ್ನ ಮಗ್ಗದ ಮ್ಯಾಲೆ ಬಿಟ್ಟು ಬರಾಂಗಿಲ್ಲ."

ತಪ್ಪಿದ ಜಾಗದವರೆಗೆ ಬಿಚ್ಚಿ ಮತ್ತೆ ನೇಯ್ದಳು. ನಾನು ಪಕ್ಕದಲ್ಲಿ ಕೂತು, ನಾಲ್ಕು ಬೆರಳು ನೇಯ್ದಾಗೊಮ್ಮೆ ಫೋಟೋ ತೆಗೆದು ತೋರಿಸಿದೆ. ಅವಳು ಎಡಗಣ್ಣು ಕಿರಿದು ಮಾಡಿ ನೋಡಿ, "ಹೂಂ, ಮುಂದ" ಎನ್ನುತ್ತಿದ್ದಳು. ಮೂರು ಸಂಜೆ ಹೀಗೆ ಆಯಿತು. ನಾನು ಆ ಕ್ಯಾಮೆರಾದಲ್ಲಿ ತೆಗೆದ ಅತಿ ಚೊಕ್ಕ ಫೋಟೋಗಳು ಅವೇ. ಯಾರ ತಲೆಯೂ ಹಾರಿಲ್ಲ.

ದವಾಖಾನೆಯಲ್ಲಿ ಡಾಕ್ಟರು ದೀಪ ಹಾಕಿ ನೋಡಿ, ಬಲಗಣ್ಣಿನ ಪೊರೆ ಬಲಿತಿದೆ, ಎಡಗಣ್ಣಿಗೂ ಸುರುವಾಗಿದೆ, ಗಾಬರಿ ಬೇಡ ಎಂದರು. ನಾನು ಬಲು ಜಂಬದಿಂದ ಫೋಟೋ ತೋರಿಸಿದೆ. "ಒಳ್ಳೇದಾತು. ಆದ್ರ ಎಲ್ಲಾರ ಕಣ್ಣು ಹಿಂಗ ಪರೀಕ್ಷೆ ಮಾಡಾಕ ಹೋಗಬ್ಯಾಡ್ರಿ ಮತ್ತ. ಫೋಟೋದಾಗ ಕೆಂಪ ಬಿದ್ದ ಕಣ್ಣಾಗೂ ರೋಗ ಇರ್ತಾವ" ಎಂದು ನಕ್ಕರು. ಜಂಬ ಅಲ್ಲಿಗೆ ಇಳಿಯಿತು.

ಬಲಗಣ್ಣಿನ ಆಪರೇಷನ್ ಆದ ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅಕ್ಕ ಕಣ್ಣು ಪಿಳಿಪಿಳಿ ಮಾಡಿ ಮೊದಲು ಕಿಟಕಿ ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಕಸ್ತೂರಿಯನ್ನು. ಕಸ್ತೂರಿ ಬೇಕೆಂದೇ ಅಕ್ಕ ಕೊಡಿಸಿದ್ದ ಸೀರೆ ಉಟ್ಟು ಬಂದಿದ್ದಳು.

"ಕಸ್ತೂರೀ, ಇದು ನೀಲಿ ಏನವಾ?"

"ಹೂಂರಿ ಅಕ್ಕಾರ, ನೀವ ಕೊಡಿಸಿದ್ದು."

"ಅಯ್ಯ ಶಿವನ! ನಾ ಹಸರು ಅಂತ ಆರಿಸಿದ್ನೆಲ್ಲ!"

ಪಕ್ಕದ ಹಾಸಿಗೆಯವರೂ ನಕ್ಕರು. ಪೊರೆ ಸುರುವಾದಾಗಲೇ ಲೋಕಕ್ಕೆಲ್ಲ ಹಳದಿ ಬಳಿಯುತ್ತದಂತೆ. ನೀಲಿಗೆ ಹಳದಿ ಸೇರಿದರೆ ಹಸಿರು. ನಾನು ಇದನ್ನು ವಿವರಿಸಲು ಹೊರಟೆ, ಯಾರೂ ಕೇಳಲಿಲ್ಲ. ಅಕ್ಕ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಕಣ್ಣೀರು ಹಾಕಬಾರದು ಎಂದು ನರ್ಸು ಬೈದರು.

ಮೂರು ವಾರದ ಮೇಲೆ, ನಾನು ಅಲ್ಲಿದ್ದಾಗಲೇ, ಅಕ್ಕನಿಗೆ ನೂಲು ಕೊಟ್ಟು ನೇಯಿಸಿಕೊಳ್ಳುವ ಮಾಲಕರು ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದರು. ಅಕ್ಕ ಕರಿ ಚಷ್ಮಾ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. "ಕುಂಡ್ರಿ. ಬಿಸಲು ಭಾಳ ನೋಡ್ರಿ, ಅದಕ್ಕ ಚಷ್ಮಾ" ಎಂದಳು. ಹೊರಗೆ ಮೋಡ ಕವಿದಿತ್ತು.

ಮಾಲಕರು ಹಣ್ಣು ಕೆಳಗಿಟ್ಟರು. "ಬಿಡವಾ ನೀಲವ್ವ. ಎರಡ ವರ್ಷದಿಂದ ನಿನಗ ಕೆಂಪು ಸೀರಿಗೆ ಹಳದಿ ದಡಿ ಬಿಟ್ಟು ಬ್ಯಾರೇದು ಕೊಟ್ಟೀನೇನು? ನೀಲಿ, ಕರಿ ನಿನ್ನ ಕಣ್ಣಿಗೆ ಹತ್ತವಲ್ವು ಅಂತ ನಿನ್ನ ದಡಿ ನೋಡಿದಾಗ ಗೊತ್ತಾಗಿತ್ತು."

ಅಕ್ಕ ಬಾಳೆಹಣ್ಣನ್ನು ಹತ್ತಿರ ಎಳೆದುಕೊಂಡಳು. "ಹೇಳಬೇಕಿತ್ತಲ್ರಿ" ಎಂದಳು.

"ನೀ ನೊಂದ್ಕೋತಿ ಅಂತ. ನೀನರ ಹೇಳಿದ್ಯೇನು?"

ಎರಡು ವರ್ಷ ಒಂದೇ ಗುಟ್ಟನ್ನು ಇಬ್ಬರೂ ಕಾಯ್ದಿದ್ದರು. ಮಾಲಕರಿಗೆ ಅದು ತಿಳಿಯಲು ಯಾವ ಫ್ಲ್ಯಾಶೂ ಬೇಕಾಗಿರಲಿಲ್ಲ. ಆದರೆ ಕಾಯ್ದುಕೊಂಡು ಕೂತದ್ದರಿಂದಲೇ ಪೊರೆಯೂ ಬಲಿತಿತ್ತು.

ಅಕ್ಕ ಚಷ್ಮಾ ತೆಗೆದು ಮಡಿಚಿಟ್ಟಳು.

"ಡಾಕ್ಟರು ಇನ್ನೊಂದು ತಿಂಗಳು ತಡೀ ಅಂದಾರ. ಆಮ್ಯಾಲೆ ಕರಿ ಸೀರೀದು ಕಳಸ್ರಿ. ದಡೀನೂ ಕರೀದ ಇರ್ಲಿ."

"ಕರೀ ಮ್ಯಾಲೆ ಕರೀ ಯಾರು ಉಡ್ತಾರ ನೀಲವ್ವ?"

"ಯಾರೂ ಉಡಲಿಲ್ಲಂದ್ರ ನಾನ ಉಡ್ತೀನಿ" ಎಂದಳು. ಎದ್ದು ಮೂರು ಕಪ್ಪು ಚಹಾ ತಂದು, ಒಂದನ್ನೂ ತಡೆಯದೆ, ಒಂದು ಹನಿಯೂ ಚೆಲ್ಲದೆ ನಮ್ಮ ಕೈಗಿಟ್ಟಳು.